ಅರ್ಜಿ ಹಾಕಿ ಕೂತವರ ತಿಂಗಳುಗಳು: ಅಂಗವಿಕಲರ ಮಾಸಾಶನ ಏಕೆ ತಡವಾಗುತ್ತದೆ, ಅಲ್ಲಿಯವರೆಗೆ ಏನು ಮಾಡಬಹುದು

ಕರ್ನಾಟಕದಲ್ಲಿ ಅಂಗವಿಕಲರ ಮಾಸಾಶನ ಮಂಜೂರಾಗಬೇಕಾದರೆ ಮೂರು ಇಲಾಖೆಗಳು ಒಂದಾದ ಮೇಲೊಂದು ಹೂಂಗುಟ್ಟಬೇಕು. ವೈಕಲ್ಯ ಇದೆ, ಇಷ್ಟು ಶೇಕಡಾ ಇದೆ ಎಂದು ಬರೆದುಕೊಡುವವರು ಸರ್ಕಾರಿ ಆಸ್ಪತ್ರೆಯ ವೈದ್ಯರು, ಅಂದರೆ ಆರೋಗ್ಯ ಇಲಾಖೆ. ಅದು ಯುಡಿಐಡಿ ಕಾರ್ಡಾಗಿ, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯಾಗಿ, ಕೈಗೆ ಬರುವಂತೆ ನೋಡಿಕೊಳ್ಳುವ ಹೊಣೆ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯದು. ಕೊನೆಗೆ ಅರ್ಜಿ ತೆಗೆದುಕೊಂಡು, ಪರಿಶೀಲಿಸಿ, ತಹಶೀಲ್ದಾರರ ಸಹಿಯೊಂದಿಗೆ ದುಡ್ಡು ಬಿಡುವುದು ಕಂದಾಯ ಇಲಾಖೆ. ಮೂರಕ್ಕೂ ಬೇರೆ ಬೇರೆ ಗಡುವು, ಬೇರೆ ಬೇರೆ ಅರ್ಜಿ ಸಂಖ್ಯೆ. ಮೂರೂ ಕಡೆಯವರು ತಮ್ಮ ಗಡುವಿನೊಳಗೇ ಕೆಲಸ ಮುಗಿಸಿದ್ದೇವೆ ಎಂದು ತೋರಿಸಬಹುದು, ಆದರೂ ಅರ್ಜಿದಾರರು ವರ್ಷದ ಬಹುಪಾಲು ಕಾದಿರಬಹುದು. ಮೊದಲ ದಿನದಿಂದ ಕೊನೆಯ ದಿನದವರೆಗಿನ ಒಟ್ಟು ಕಾಲಕ್ಕೆ ಉತ್ತರ ಕೊಡಬೇಕಾದವರು ಯಾರೂ ಇಲ್ಲ. ಈ ಸಮಸ್ಯೆಯ ಬುಡ ಇರುವುದು ಅಲ್ಲೇ ಎಂದು ನಾನು ನಂಬಿದ್ದೇನೆ. ನಿಧಾನವಾಗಿ ಕೆಲಸ ಮಾಡುವ ಒಬ್ಬ ವೈದ್ಯರನ್ನೋ ಒಬ್ಬ ಗುಮಾಸ್ತರನ್ನೋ ಬೈದರೆ ಅದು ಬಗೆಹರಿಯುವುದಿಲ್ಲ.

ಮೊತ್ತವೇನೂ ದೊಡ್ಡದಲ್ಲ. 2021ರ ಜುಲೈನಲ್ಲಿ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾಗಿ ಪ್ರಮಾಣ ಸ್ವೀಕರಿಸಿದ ದಿನವೇ, ಶೇ. 40ರಿಂದ 75ರೊಳಗಿನ ವೈಕಲ್ಯ ಇರುವವರ ಮಾಸಾಶನವನ್ನು 600ರಿಂದ 800 ರೂಪಾಯಿಗೆ ಏರಿಸುವುದಾಗಿ ಪ್ರಕಟಿಸಿದರು. ಶೇ. 75ಕ್ಕಿಂತ ತೀವ್ರ ವೈಕಲ್ಯಕ್ಕೆ 1400 ರೂಪಾಯಿ. ಇದರೊಳಗೆ ಕೇಂದ್ರದ ಪಾಲು ಎಂದು ಬರುವ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿಯ 300 ರೂಪಾಯಿ 2012ರಿಂದ ಅಲ್ಲೇ ನಿಂತಿದೆ. ಅದೂ ಬಡತನ ರೇಖೆಗಿಂತ ಕೆಳಗಿನ, 18 ತುಂಬಿದ, ಶೇ. 80ರಷ್ಟು ವೈಕಲ್ಯ ಇರುವವರಿಗೆ ಮಾತ್ರ. ಗಡಿಯಾಚೆ ತೆಲಂಗಾಣದಲ್ಲಿ 2023ರಿಂದ 4016 ರೂಪಾಯಿ, ಆಂಧ್ರದಲ್ಲಿ 2024ರ ಜುಲೈಯಿಂದ 6000 ರೂಪಾಯಿ. ಪಾವಗಡದ, ರಾಯಚೂರಿನ ಗಡಿ ಹಳ್ಳಿಗಳಲ್ಲಿ ಈ ವ್ಯತ್ಯಾಸ ಮನೆಮನೆಗೂ ಗೊತ್ತು. ಹಾಗಿದ್ದರೂ 1400 ರೂಪಾಯಿ ಅಂದರೆ ಮೂರ್ಛೆರೋಗದ ಮಗುವಿನ ತಿಂಗಳ ಮಾತ್ರೆ ಬರುತ್ತದೆ, ಹಾಸಿಗೆ ಹಿಡಿದವರ ಡಯಾಪರ್ ಬರುತ್ತದೆ. ದುಡಿಯುವ ಒಬ್ಬರು ಮನೆಯಲ್ಲೇ ಉಳಿದು ನೋಡಿಕೊಳ್ಳಬೇಕಾದ ಸಂಸಾರದಲ್ಲಿ ಇದು ಕೈಖರ್ಚಿನ ದುಡ್ಡಲ್ಲ.

ಆಸ್ಪತ್ರೆಯ ಬಾಗಿಲಲ್ಲಿ

ಕಾಯುವಿಕೆಯ ದೊಡ್ಡ ಪಾಲು ಕಳೆಯುವುದು ಇಲ್ಲಿ. ಕಾರಣ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1995ರ ಕಾಯ್ದೆಯಲ್ಲಿ ಗುರುತಿಸಿದ್ದು ಏಳು ಬಗೆಯ ವೈಕಲ್ಯ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016 ಬಂದು, 2017ರ ಏಪ್ರಿಲ್ 19ರಂದು ಜಾರಿಯಾದಾಗ ಅದು 21 ಆಯಿತು. ಥಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಆಟಿಸಂ, ಕಲಿಕಾ ನ್ಯೂನತೆ, ಆಸಿಡ್ ದಾಳಿಗೆ ಒಳಗಾದವರು, ಎಲ್ಲರೂ ಸೇರಿದರು. ಬಹಳ ದಿನಗಳ ಹೋರಾಟಕ್ಕೆ ಸಿಕ್ಕ ಫಲ ಅದು. ಚಾಮರಾಜನಗರದ ಕಾಡಂಚಿನ ಹಾಡಿಯಲ್ಲಿ ಸಿಕಲ್ ಸೆಲ್ ನೋವಿನಿಂದ ನರಳುವ ಹುಡುಗನೂ ಕಾನೂನಿನ ಕಣ್ಣಿಗೆ ಬಿದ್ದ.

ಆದರೆ ಪಟ್ಟಿ ಮೂರು ಪಟ್ಟಾದ ಹಾಗೆ ಪಟ್ಟಿಯನ್ನು ಅಳೆಯುವ ಕೈಗಳು ಮೂರು ಪಟ್ಟಾಗಲಿಲ್ಲ. ಪೋಲಿಯೋ ಆದ ಕಾಲನ್ನು ಮೂಳೆ ವೈದ್ಯರು ಒಮ್ಮೆಗೇ ನೋಡಿ ಶೇಕಡಾ ಬರೆಯಬಹುದು. ಆಟಿಸಂ ಇರುವ ಮಗುವನ್ನು ಹಾಗೆ ನೋಡಲಾಗದು. ಅದಕ್ಕೆ ನಿಗದಿಯಾದ ಅಳತೆಪಟ್ಟಿ ಇದೆ, ತರಬೇತಾದ ಮನಶ್ಶಾಸ್ತ್ರಜ್ಞರು ಮಗುವಿನ ಜತೆ ಕೂತು ಗಮನಿಸಬೇಕು, ತಾಯಿ ತಂದೆಯನ್ನು ಕೇಳಬೇಕು. ಬೌದ್ಧಿಕ ವೈಕಲ್ಯಕ್ಕೆ ಐಕ್ಯೂ ಪರೀಕ್ಷೆ ಬೇಕು. ಕಿವಿ ಕೇಳದ ಹಸುಗೂಸಿಗೆ, ಶಬ್ದಕ್ಕೆ ಮೆದುಳು ಸ್ಪಂದಿಸುತ್ತದೆಯೇ ಎಂದು ನೋಡುವ ಬೆರಾ ಪರೀಕ್ಷೆ ಬೇಕು, ಅದಕ್ಕೆ ಯಂತ್ರವೂ ಬೇಕು, ಅದನ್ನು ನಡೆಸಬಲ್ಲವರೂ ಬೇಕು. ಮಾನಸಿಕ ಕಾಯಿಲೆಯಲ್ಲಿ ಕಾಯಿಲೆ ಎಷ್ಟು ಕಾಲದಿಂದ ಇದೆ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಯಾವುದನ್ನು ಹೇಗೆ ಅಳೆಯಬೇಕು ಎಂಬ ಮಾರ್ಗಸೂಚಿಯನ್ನು ಕೇಂದ್ರ ಸರ್ಕಾರ 2018ರ ಜನವರಿಯಲ್ಲಿ ಪ್ರಕಟಿಸಿ, 2024ರ ಮಾರ್ಚ್‌ನಲ್ಲಿ ಪರಿಷ್ಕರಿಸಿದೆ. ಕಾಗದದ ಮೇಲೆ ಅದು ಸ್ಪಷ್ಟವಾಗಿಯೇ ಇದೆ. ತಜ್ಞರು ಇರುವ ಊರಿಗೂ ಇಲ್ಲದ ಊರಿಗೂ ನಡುವಿನ ದೂರವನ್ನು ಮಾರ್ಗಸೂಚಿ ಕಡಿಮೆ ಮಾಡಲಾರದು.

ಹೀಗಾಗಿ ಜಿಲ್ಲಾಸ್ಪತ್ರೆಯಲ್ಲಿ ಇಂಥ ವಾರ ಕಣ್ಣಿನವರು, ಇಂಥ ವಾರ ಮೂಳೆಯವರು ಎಂದು ದಿನ ಗೊತ್ತುಮಾಡಿರುತ್ತಾರೆ. ಆ ದಿನ ವೈದ್ಯರು ರಜೆಯಲ್ಲಿದ್ದರೆ, ತುರ್ತು ಶಸ್ತ್ರಚಿಕಿತ್ಸೆಗೆ ಹೋದರೆ, ಕೋರ್ಟಿಗೆ ಸಾಕ್ಷಿ ಹೇಳಲು ಹೋದರೆ, "ಅಮ್ಮಾ, ಮುಂದಿನ ಬುಧವಾರ ಬನ್ನಿ". ಹೇಳುವವರಿಗೆ ಅದು ಒಂದು ವಾರ. ಮಸ್ಕಿಯಿಂದಲೋ ಲಿಂಗಸುಗೂರಿನ ಹಳ್ಳಿಯಿಂದಲೋ ಹದಿನಾಲ್ಕು ವರ್ಷದ ಮಗನನ್ನು ಹೊತ್ತು ರಾಯಚೂರಿಗೆ ಬಂದ ತಾಯಿಗೆ ಅದು ಇನ್ನೊಂದು ದಿನದ ಪ್ರಯಾಣ. 2023ರ ಜೂನ್‌ನಿಂದ ಶಕ್ತಿ ಯೋಜನೆಯಿಂದಾಗಿ ಅವಳ ಟಿಕೆಟ್ಟಿಗೆ ದುಡ್ಡಿಲ್ಲ, ನಿಜಕ್ಕೂ ದೊಡ್ಡ ಆಸರೆ ಅದು. ಜತೆಗೆ ಬರುವ ಗಂಡಸಿಗೆ ಮಾತ್ರ ಟಿಕೆಟ್ಟಿನ ದುಡ್ಡೂ ಹೋಗುತ್ತದೆ, ದಿನದ ಕೂಲಿಯೂ ಹೋಗುತ್ತದೆ. ಅಂಗವಿಕಲರ ರಿಯಾಯಿತಿ ಬಸ್ ಪಾಸ್ ಇದೆಯಲ್ಲ ಎನ್ನಬಹುದು. ಆ ಪಾಸಿಗೂ ಕಾರ್ಡು ಬೇಕು, ಆ ಕಾರ್ಡಿಗಾಗಿಯೇ ಅವರು ಬಸ್ಸು ಹತ್ತಿರುವುದು.

ಕಾನೂನು ಈ ಹಂತಕ್ಕೆ ಎಷ್ಟು ಕಾಲ ಕೊಟ್ಟಿದೆ? 2017ರ ನಿಯಮಗಳಲ್ಲಿ ಅರ್ಜಿ ತಲುಪಿದ ಒಂದು ತಿಂಗಳೊಳಗೆ ಪ್ರಮಾಣಪತ್ರ ಕೊಡಬೇಕು ಎಂದಿತ್ತು. 2024ರ ಅಕ್ಟೋಬರಿನಲ್ಲಿ ನಿಯಮ ತಿದ್ದಿ ಅದನ್ನು ಮೂರು ತಿಂಗಳು ಮಾಡಿದರು. ಒಂದು ತಿಂಗಳಲ್ಲಿ ಆಗುತ್ತಿರಲಿಲ್ಲ, ಅದು ಎಲ್ಲರಿಗೂ ಗೊತ್ತಿದ್ದ ಮಾತು. ಆಗದ ಗಡುವನ್ನು ಆಗುವಂತೆ ಮಾಡಲು ಎರಡು ದಾರಿ ಇದ್ದವು: ತಜ್ಞರನ್ನು ಹೆಚ್ಚಿಸುವುದು, ಇಲ್ಲವೇ ಗಡುವನ್ನು ಹಿಗ್ಗಿಸುವುದು. ಸರ್ಕಾರ ಎರಡನೆಯದನ್ನು ಹಿಡಿಯಿತು. ಅದೇ ತಿದ್ದುಪಡಿಯಲ್ಲಿ ಇನ್ನೊಂದು ಅಂಶ ಇದೆ, ಅರ್ಜಿದಾರರು ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಲೇಬೇಕು. ಅರ್ಜಿದಾರರು ಸ್ಪಂದಿಸಲಿಲ್ಲ ಎಂಬ ಕಾರಣಕ್ಕೆ ಎರಡು ವರ್ಷ ದಾಟಿದ ಅರ್ಜಿ ನಿಷ್ಕ್ರಿಯವಾಗುತ್ತದೆ. ಮತ್ತೆ ಹೊಸದಾಗಿ ಹಾಕಬೇಕು, ಇಲ್ಲವೇ ಅದನ್ನು ಜೀವಂತಗೊಳಿಸಿ ಎಂದು ಕೇಳಬೇಕು.

ಈ ಸ್ಪಂದಿಸುವುದು ಅಂದರೇನು? 2021ರ ಜೂನ್ 1ರಿಂದ ಪ್ರಮಾಣಪತ್ರಗಳನ್ನು ಯುಡಿಐಡಿ ಪೋರ್ಟಲ್ ಮೂಲಕವೇ ಕೊಡಬೇಕು ಎಂದಾಗಿದೆ. ತಪಾಸಣೆಯ ದಿನ ಯಾವುದು, ಯಾವ ದಾಖಲೆ ಸಾಲದು ಎಂಬುದೆಲ್ಲ ಮೊಬೈಲಿಗೆ ಬರುತ್ತದೆ. ಊರಿನಲ್ಲಿ ಅರ್ಜಿ ತುಂಬಿದ್ದು ಸೈಬರ್ ಅಂಗಡಿಯವರು ಅಥವಾ ಓದಿದ ಪಕ್ಕದ ಮನೆಯ ಹುಡುಗ. ಬಹಳ ಸಲ ಅಲ್ಲಿ ಹಾಕಿದ ಮೊಬೈಲ್ ನಂಬರೂ ಅವರದೇ. ಸಂದೇಶ ಅವರ ಫೋನಿಗೆ ಬಂದು ಮೂರು ದಿನಕ್ಕೆ ಕೆಳಗೆ ಸರಿದಿರುತ್ತದೆ. ಇವರು ಮನೆಯಲ್ಲಿ ಕೂತು ಆಸ್ಪತ್ರೆಯವರು ಕರೆಯಲಿಲ್ಲ ಎಂದುಕೊಂಡಿರುತ್ತಾರೆ, ಆಸ್ಪತ್ರೆಯವರ ಪರದೆಯ ಮೇಲೆ ಅರ್ಜಿದಾರರು ಬರಲಿಲ್ಲ ಎಂದಿರುತ್ತದೆ. ಅರ್ಜಿ ಹಾಕುವ ದಿನ ಮಾಡಬೇಕಾದ ಮೊದಲ ಕೆಲಸ, ಮನೆಯವರದೇ ನಂಬರು ಇದೆಯೇ ಎಂದು ಪರದೆಯ ಮೇಲೆ ಕಣ್ಣಾರೆ ನೋಡುವುದು.

ತಾಲ್ಲೂಕು ಕಚೇರಿಯ ಮೆಟ್ಟಿಲಲ್ಲಿ

ಕಾರ್ಡು ಬಂತು ಎನ್ನೋಣ. ಊರಿನಲ್ಲಿ ಎಲ್ಲರೂ ಕೇಳುವ ಪ್ರಶ್ನೆ, "ಎಷ್ಟು ಪರ್ಸೆಂಟ್ ಹಾಕಿದ್ರು?" ಶೇ. 40 ಇದ್ದರೆ ನಾಡಕಚೇರಿಗೆ ಹೋಗಬಹುದು, 38 ಆದರೆ ಅಲ್ಲಿಗೇ ನಿಂತಿತು. ಕಾರ್ಡಿನ ಬಣ್ಣದಲ್ಲೂ ಈಗ ಅದು ಕಾಣುತ್ತದೆ. 2024ರ ತಿದ್ದುಪಡಿಯಂತೆ ಶೇ. 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲ್ಪಟ್ಟರೆ ನೀಲಿ.

ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ಅದು ಗ್ರಾಮ ಆಡಳಿತಾಧಿಕಾರಿಯ ಬಳಿ ಹೋಗಿ, ರಾಜಸ್ವ ನಿರೀಕ್ಷಕರನ್ನು ದಾಟಿ, ತಹಶೀಲ್ದಾರರ ಮಂಜೂರಾತಿಗೆ ಬರುತ್ತದೆ. ಇಲ್ಲಿ ತಡವಾಗುವುದು ಬೇರೆ ಕಾರಣಕ್ಕೆ. ಆಧಾರ್‌ನಲ್ಲಿ ಲಕ್ಷ್ಮವ್ವ, ಪಡಿತರ ಚೀಟಿಯಲ್ಲಿ ಲಕ್ಷ್ಮೀಬಾಯಿ, ಬ್ಯಾಂಕಿನಲ್ಲಿ ಇನಿಷಿಯಲ್ ಮುಂದೆ, ಯುಡಿಐಡಿಯಲ್ಲಿ ಇನಿಷಿಯಲ್ ಹಿಂದೆ. ಮನುಷ್ಯರು ನೋಡಿದರೆ ಒಬ್ಬಳೇ ಹೆಂಗಸು. ಕಂಪ್ಯೂಟರಿಗೆ ನಾಲ್ವರು. ಮಂಜೂರಾದ ಮೇಲೂ ದುಡ್ಡು ಬರುವುದು ಆಧಾರ್ ಜೋಡಣೆಯಾದ ಖಾತೆಗೆ. ಯಾವತ್ತೋ ಗ್ಯಾಸ್ ಸಬ್ಸಿಡಿಗೆ ಎಂದು ತೆರೆದು ಮರೆತ ಖಾತೆಗೆ ಆಧಾರ್ ಜೋಡಣೆಯಾಗಿದ್ದರೆ ಹಣ ಅಲ್ಲಿಗೆ ಹೋಗಿ ಕೂತಿರುತ್ತದೆ, ಇವರು ಅಂಚೆ ಕಚೇರಿಯ ಪಾಸ್‌ಬುಕ್ ಹಿಡಿದು ಬರಲಿಲ್ಲ ಎಂದು ಅಲೆಯುತ್ತಿರುತ್ತಾರೆ.

ಬೆರಳಚ್ಚು ಕೊಡಲು ಕೈಯಿಲ್ಲದವರ, ಕಣ್ಣಿನ ಪಾಪೆ ತೋರಿಸಲು ಆಗದವರ ಕಷ್ಟ ಇನ್ನೂ ದೊಡ್ಡದು. ಬೆರಳಚ್ಚು ಇಲ್ಲದಿದ್ದರೆ ಪಾಪೆ ಮಾತ್ರ ಸಾಕು, ಎರಡೂ ಆಗದಿದ್ದರೆ ವಿನಾಯಿತಿಯಡಿ ನೋಂದಾಯಿಸಬೇಕು ಎಂದು 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಸ್ಪಷ್ಟಪಡಿಸಿದೆ. ಬ್ಯಾಂಕಿನ ಇ-ಕೆವೈಸಿಯಲ್ಲಿ, ಅಂದರೆ ಆನ್‌ಲೈನ್ ಗುರುತು ಪರಿಶೀಲನೆಯಲ್ಲಿ, ಕಣ್ಣು ಮಿಟುಕಿಸಿ ಎಂದು ಕೇಳುವಂಥ ಪದ್ಧತಿಯಿಂದ ಅಂಧರಿಗೂ ಆಸಿಡ್ ದಾಳಿಗೆ ತುತ್ತಾದವರಿಗೂ ಆಗುತ್ತಿದ್ದ ತೊಂದರೆಯ ಬಗ್ಗೆ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪು ಕೊಟ್ಟು, ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು. ಕೌಂಟರಿನಲ್ಲಿ ಆಗೋಲ್ಲ ಎಂದರೆ ಈ ತೀರ್ಪನ್ನು ಹೆಸರಿಸಿ ಲಿಖಿತವಾಗಿ ಕೊಡಿ ಎಂದು ಕೇಳಬಹುದು.

ಕಟ್ಟಡದ ಮಾತೂ ಇದೆ. ಈಗಿರುವ ಸಾರ್ವಜನಿಕ ಕಟ್ಟಡಗಳನ್ನೆಲ್ಲ ನಿಯಮ ಬಂದ ಐದು ವರ್ಷದೊಳಗೆ ಅಂಗವಿಕಲರು ಓಡಾಡುವಂತೆ ಮಾಡಬೇಕು ಎಂದು ಕಾಯ್ದೆಯ 45ನೇ ಕಲಂ ಹೇಳಿತ್ತು. ಆ ಐದು ವರ್ಷ 2022ರಲ್ಲೇ ಮುಗಿದಿದೆ. ಪಿಂಚಣಿ ಶಾಖೆ ಇನ್ನೂ ಮೊದಲ ಮಹಡಿಯಲ್ಲಿರುವ ಕಚೇರಿಗಳನ್ನು ನೀವೂ ನೋಡಿರುತ್ತೀರಿ.

2022ರಲ್ಲಿ ಕಂದಾಯ ಇಲಾಖೆ "ಹಲೋ ಕಂದಾಯ ಸಚಿವರೇ" ಎಂಬ ಸಹಾಯವಾಣಿ ಶುರುಮಾಡಿ, 155245ಕ್ಕೆ ಕರೆ ಮಾಡಿದ 72 ಗಂಟೆಯೊಳಗೆ ಪಿಂಚಣಿ ಆದೇಶ ಮನೆ ಬಾಗಿಲಿಗೆ ಎಂದು ಹೇಳಿತು. ಒಳ್ಳೆಯ ಯೋಚನೆ. ವೃದ್ಧಾಪ್ಯ ವೇತನಕ್ಕೆ ಇದು ಚೆನ್ನಾಗಿ ಹೊಂದುತ್ತದೆ, ಏಕೆಂದರೆ ವಯಸ್ಸು ಆಧಾರ್‌ನಲ್ಲೇ ಇದೆ. ಅಂಗವಿಕಲರ ವಿಷಯದಲ್ಲಿ ಆ 72 ಗಂಟೆ ಕೊನೆಯ ಬಾಗಿಲಿಗೆ ಮಾತ್ರ ಅನ್ವಯ. ಆಸ್ಪತ್ರೆಯ ಮುಂದೆ ಕಳೆದ ತಿಂಗಳುಗಳು ಆ ಲೆಕ್ಕದಲ್ಲಿ ಸೇರುವುದೇ ಇಲ್ಲ.

ತಡದ ನಷ್ಟ ಯಾರ ಪಾಲಿಗೆ

ನಮ್ಮಲ್ಲಿ ಮಾಸಾಶನ ಲೆಕ್ಕಕ್ಕೆ ಬರುವುದು ಮಂಜೂರಾತಿ ಆದೇಶದಿಂದ. ಅರ್ಜಿ ಹಾಕಿದ ದಿನದಿಂದ ಹಿಂಬಾಕಿ ಕೊಡುವ ಪದ್ಧತಿ ಇಲ್ಲ. ಬ್ರಿಟನ್ನಿನಲ್ಲೂ ಅಂಗವಿಕಲರ ನೆರವಿಗಾಗಿ ಜನ ತಿಂಗಳುಗಟ್ಟಲೆ ಕಾಯುತ್ತಾರೆ, ಅಲ್ಲಿಯೂ ಅದರ ವಿರುದ್ಧ ಕೂಗು ಇದೆ. ಆದರೆ ಅಲ್ಲಿ ತೀರ್ಮಾನವಾದ ಮೇಲೆ ಅರ್ಜಿ ಹಾಕಿದ ದಿನದಿಂದ ಲೆಕ್ಕಹಾಕಿ ಬಾಕಿ ಕೊಡುತ್ತಾರೆ. ತಡವಾದರೆ ಸರ್ಕಾರದ ಮೇಲೆ ಬಾಕಿ ಬೆಳೆಯುತ್ತದೆ. ಇಲ್ಲಿ ತಡವಾದಷ್ಟೂ ಸರ್ಕಾರಕ್ಕೆ ಉಳಿತಾಯ. ಯಾರೂ ಬೇಕೆಂದು ಹೀಗೆ ಮಾಡಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಆದರೆ ತಡದಿಂದ ನಷ್ಟ ಆಗದ ವ್ಯವಸ್ಥೆಗೆ ಬೇಗ ಮುಗಿಸುವ ಒತ್ತಡ ಎಲ್ಲಿಂದ ಬರಬೇಕು?

ಲೆಕ್ಕ ಹಾಕಿ ನೋಡಿ. ತೀವ್ರ ವೈಕಲ್ಯದ ಒಬ್ಬರಿಗೆ ಮೊದಲ ಅರ್ಜಿಯಿಂದ ಮಂಜೂರಾತಿಗೆ ಎಂಟು ತಿಂಗಳು ಹಿಡಿದರೆ, 1400ರಂತೆ 11,200 ರೂಪಾಯಿ ಆ ಮನೆಗೆ ಬರಲಿಲ್ಲ. ತಡಕ್ಕೆ ಪರಿಹಾರ ಕೊಡಬೇಕೆಂದು ನಮ್ಮಲ್ಲಿ ಕಾನೂನು ಇದೆ, ಸಕಾಲ. 2011ರ ಕಾಯ್ದೆ, 2012ರ ಏಪ್ರಿಲ್‌ನಿಂದ ರಾಜ್ಯದಾದ್ಯಂತ ಜಾರಿ. ಅದರಲ್ಲಿ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ. ಅದೂ ಸಕಾಲದಡಿ ಬರುವ ಆ ಒಂದು ಹಂತದ ತಡಕ್ಕೆ ಮಾತ್ರ, ಕೇಳಿದರೆ ಮಾತ್ರ.

ಇನ್ನೊಂದು ಅನ್ಯಾಯ ಕಾನೂನಿನ ಪುಸ್ತಕದಲ್ಲೇ ಕಾಣುತ್ತದೆ. ಅಂಗವಿಕಲರಿಗೆ ಕೊಡುವ ಸಾಮಾಜಿಕ ಭದ್ರತೆಯ ಮೊತ್ತ ಅಂಥದೇ ಬೇರೆ ಯೋಜನೆಗಳಲ್ಲಿ ಇತರರಿಗೆ ಕೊಡುವುದಕ್ಕಿಂತ ಕನಿಷ್ಠ ಶೇ. 25ರಷ್ಟು ಹೆಚ್ಚಿರಬೇಕು ಎಂದು 2016ರ ಕಾಯ್ದೆಯ 24ನೇ ಕಲಂ ಹೇಳುತ್ತದೆ. 2021ರ ಅದೇ ಘೋಷಣೆಯಲ್ಲಿ ವೃದ್ಧರಿಗೆ ಕೊಡುವ ಸಂಧ್ಯಾ ಸುರಕ್ಷಾ ಮಾಸಾಶನ 1000ದಿಂದ 1200 ಆಯಿತು. ಅದಕ್ಕೆ ಶೇ. 25 ಕೂಡಿಸಿದರೆ 1500. ಶೇ. 40ರಿಂದ 75ರೊಳಗಿನವರಿಗೆ ಕೊಟ್ಟಿದ್ದು 800. ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ ಎಂಬ ಮಾತೂ ಆ ಕಲಮಿನಲ್ಲಿದೆ, ಸರಿ. ಆದರೂ ವೃದ್ಧರಿಗಿಂತ ಹೆಚ್ಚು ಎಂದು ಹೇಳುವ ಕಾನೂನಿನ ಕೆಳಗೆ ವೃದ್ಧರಿಗಿಂತ ಕಡಿಮೆ ಕೊಡುವುದನ್ನು ಯಾವ ಮಿತಿಯೂ ಸಮರ್ಥಿಸಲಾರದು.

ಕಾಯುವ ಕಾಲದಲ್ಲಿ

ಮೊದಲನೆಯದಾಗಿ, ಚಿಕಿತ್ಸೆಯನ್ನು ಕಾಯಿಸಬೇಡಿ. ಕೆಲವು ಮನೆಗಳಲ್ಲಿ ಒಂದು ಅಂಜಿಕೆ ಇರುತ್ತದೆ: ಫಿಸಿಯೋಥೆರಪಿ ಮಾಡಿಸಿ ಮಗು ನಾಲ್ಕು ಹೆಜ್ಜೆ ಇಟ್ಟರೆ ಪರ್ಸೆಂಟ್ ಇಳಿದೀತು, ಮಾಸಾಶನ ಕೈತಪ್ಪೀತು ಎಂದು. ಬಡತನ ಹುಟ್ಟಿಸುವ ಅಂಜಿಕೆ ಅದು, ಅವರನ್ನು ದೂರಬಾರದು. ಆದರೆ ಮಗುವಿನ ಮೊದಲ ವರ್ಷಗಳು ಮತ್ತೆ ಬರುವುದಿಲ್ಲ. ಮಕ್ಕಳ ಬೆಳವಣಿಗೆಯ ತೊಂದರೆಗೆ ಬೇಗನೆ ಚಿಕಿತ್ಸೆ ಕೊಡುವ ಜಿಲ್ಲಾಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಹೋಗಲು ಅಂಗವಿಕಲ ಪ್ರಮಾಣಪತ್ರದ ಅಗತ್ಯ ಇಲ್ಲ. ಅಂಗನವಾಡಿಗೆ, ಶಾಲೆಗೆ ಮಕ್ಕಳ ಆರೋಗ್ಯ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ವೈದ್ಯರ ತಂಡ ಅಲ್ಲಿಗೆ ಕಳಿಸಿಕೊಡುತ್ತದೆ. ಮಾತು, ಕಿವಿಯ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಾನಸಿಕ ಕಾಯಿಲೆಗೆ ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ. ಅಲ್ಲಿ ತಪ್ಪದೆ ಹೋಗಿಬಂದ ಚೀಟಿಗಳೇ ಮುಂದೆ ಪ್ರಮಾಣಪತ್ರಕ್ಕೆ ಆಧಾರವಾಗುತ್ತವೆ. ಒಂದನ್ನೂ ಎಸೆಯಬೇಡಿ.

ಎರಡನೆಯ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ನಿಮ್ಮ ಜಿಲ್ಲೆಯ ಆಸ್ಪತ್ರೆಯಲ್ಲೇ ಪ್ರಮಾಣಪತ್ರ ಪಡೆಯಬೇಕೆಂಬ ಕಟ್ಟುಪಾಡು ಇಲ್ಲ. ಆ ವೈಕಲ್ಯಕ್ಕೆ ಚಿಕಿತ್ಸೆ ಪಡೆಯುತ್ತಿರುವ ಅಥವಾ ಹಿಂದೆ ಪಡೆದ ಸರ್ಕಾರಿ ಆಸ್ಪತ್ರೆಯ ವೈದ್ಯಕೀಯ ಪ್ರಾಧಿಕಾರಕ್ಕೂ ಅರ್ಜಿ ಹಾಕಬಹುದು ಎಂದು 2017ರ ನಿಯಮ 17 ಹೇಳುತ್ತದೆ. ಯಾದಗಿರಿಯವರು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತೋರಿಸಿಕೊಳ್ಳುತ್ತಿದ್ದರೆ, ಔಷಧಿಗೆ ಹೋದ ದಿನವೇ ಅಲ್ಲಿ ಇದನ್ನೂ ಕೇಳಿ ನೋಡಬಹುದು. ತಜ್ಞರೇ ಇಲ್ಲದ ಜಿಲ್ಲೆಯಲ್ಲಿ ಕಾಯುತ್ತ ಕೂರುವುದಕ್ಕಿಂತ ಇದು ಎಷ್ಟೋ ವಾಸಿ.

ಕಾರ್ಡು ಅಂಚೆಯಲ್ಲಿ ಬರಲಿ ಎಂದು ಕಾಯುವುದೂ ಬೇಡ. ಪೋರ್ಟಲಿನಿಂದ ಇ-ಕಾರ್ಡನ್ನೂ ಪ್ರಮಾಣಪತ್ರವನ್ನೂ ಇಳಿಸಿಕೊಂಡು ನಾಡಕಚೇರಿಗೆ ಕೊಡಬಹುದು. ಕೇಂದ್ರದ 17 ಯೋಜನೆಗಳಿಗೆ 2023ರ ಏಪ್ರಿಲ್‌ನಿಂದ ಯುಡಿಐಡಿ ಕಡ್ಡಾಯವಾಗಿದ್ದರೂ, ಹಳೆಯ ಪ್ರಮಾಣಪತ್ರ ಇದ್ದು ಕಾರ್ಡು ಬರದವರು ನೋಂದಣಿ ಸಂಖ್ಯೆ ತೋರಿಸಿದರೆ ಸಾಕು. ಹೆಸರಿನ ತಿದ್ದುಪಡಿ, ಆಧಾರ್ ಜೋಡಣೆ, ಆದಾಯ ಪ್ರಮಾಣಪತ್ರ, ಈ ಕೆಲಸಗಳನ್ನು ಆಸ್ಪತ್ರೆಯ ಕರೆಗೆ ಕಾಯುತ್ತಿರುವಾಗಲೇ ಮುಗಿಸಿಕೊಂಡರೆ ಎರಡನೇ ಕಾಯುವಿಕೆ ಮೊದಲನೆಯದರೊಳಗೇ ಕಳೆದುಹೋಗುತ್ತದೆ. ಯಾವ ಖಾತೆಗೆ ಆಧಾರ್ ಜೋಡಣೆಯಾಗಿದೆ ಎಂದು ಬ್ಯಾಂಕಿನಲ್ಲಿ ಒಮ್ಮೆ ವಿಚಾರಿಸಿ.

ಊರಿನಲ್ಲೇ ಒಬ್ಬರಿದ್ದಾರೆ, ಅವರನ್ನು ಹುಡುಕಿ. ಗ್ರಾಮ ಪಂಚಾಯಿತಿಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಎಲ್ಲರೂ ವಿ.ಆರ್.ಡಬ್ಲ್ಯು. ಎನ್ನುತ್ತಾರೆ. ತಾಲ್ಲೂಕಿಗೆ ಒಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಂ.ಆರ್.ಡಬ್ಲ್ಯು. ಇವರೂ ಸ್ವತಃ ಅಂಗವಿಕಲರೇ. ಗೌರವಧನ ಮಾತ್ರ ಪಡೆದು, ಹತ್ತಾರು ಹಳ್ಳಿ ಸುತ್ತಿ, ಯಾವ ವೈದ್ಯರು ಯಾವ ವಾರ ಸಿಗುತ್ತಾರೆ, ತಾಲ್ಲೂಕಿನಲ್ಲಿ ಶಿಬಿರ ಯಾವಾಗ ಎಂಬುದನ್ನೆಲ್ಲ ತಿಳಿದಿರುತ್ತಾರೆ. ತಾಲ್ಲೂಕು ಕಚೇರಿಯ ಹೊರಗೆ ದುಡ್ಡು ಕೇಳುವ ಮಧ್ಯವರ್ತಿಗೆ ಕೊಡುವ ಬದಲು ಇವರಿಗೆ ಒಂದು ಫೋನು ಮಾಡಿ. ಈ ವ್ಯವಸ್ಥೆಯಲ್ಲಿ ಒಂದು ಮನೆಯ ಕಾಯುವಿಕೆಯನ್ನು ಮೊದಲಿಂದ ಕೊನೆಯವರೆಗೆ ಕಂಡವರು ಇವರೊಬ್ಬರೇ, ಆದರೆ ಅವರಿಗೆ ಯಾವ ಕಚೇರಿಯಲ್ಲೂ ಅಧಿಕಾರ ಇಲ್ಲ. ಪಂಚಾಯಿತಿಯನ್ನೂ ಕೇಳಬೇಕು. ಅದರ ಸ್ವಂತ ಸಂಪನ್ಮೂಲದಲ್ಲಿ ಶೇ. 5ನ್ನು ಅಂಗವಿಕಲರಿಗೆಂದು ತೆಗೆದಿಡಬೇಕು ಎಂಬ ನಿಯಮ ಇದೆ. ಕಾಯುವ ತಿಂಗಳುಗಳಲ್ಲಿ ಔಷಧಿಗೋ, ಗಾಲಿಕುರ್ಚಿಗೋ ಅದರಿಂದ ನೆರವು ಕೇಳಿ ಅರ್ಜಿ ಕೊಡಬಹುದು. ಗ್ರಾಮಸಭೆಯಲ್ಲಿ ಎದ್ದು ನಿಂತು ಆ ಹಣ ಏನಾಯಿತು ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ.

ಗಡುವು ದಾಟಿದರೆ ಬಾಯಿಮಾತಿನ ಅಲೆದಾಟ ನಿಲ್ಲಿಸಿ ಕಾಗದ ಶುರುಮಾಡಬೇಕು. ನಾಡಕಚೇರಿಯ ಸ್ವೀಕೃತಿಯಲ್ಲಿ ಸಕಾಲದ ಸಂಖ್ಯೆಯೂ ಕೆಲಸ ಮುಗಿಯಬೇಕಾದ ದಿನವೂ ಇರುತ್ತದೆ, ಆ ದಿನ ದಾಟಿದರೆ ಮೇಲ್ಮನವಿಗೆ ಅವಕಾಶ ಇದೆ. ಆಸ್ಪತ್ರೆಯ ಕಡೆ ಮೂರು ತಿಂಗಳು ದಾಟಿದ್ದರೆ ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ ಪತ್ರ ಬರೆದು, ಪ್ರತಿಯನ್ನು ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗೆ ಕೊಡಿ. 1902ಕ್ಕೆ ಕರೆ ಮಾಡಿ ಜನಸ್ಪಂದನದಲ್ಲೂ ದೂರು ದಾಖಲಿಸಬಹುದು. ಮಾಹಿತಿ ಹಕ್ಕಿನಲ್ಲಿ ಕೇಳಿದರೆ 30 ದಿನದೊಳಗೆ ಉತ್ತರ ಬರಬೇಕು. ನನ್ನ ಅರ್ಜಿ ಇಂದು ಯಾರ ಬಳಿ ಇದೆ, ಎಂದಿನಿಂದ ಇದೆ ಎಂಬ ಎರಡೇ ಪ್ರಶ್ನೆ ಸಾಕು. ಇವೆಲ್ಲಕ್ಕಿಂತ ಬಲವಾದದ್ದು ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರ ಕಚೇರಿ. ಕಾಯ್ದೆಯ 82ನೇ ಕಲಂ ಪ್ರಕಾರ ಅವರಿಗೆ ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಸಿವಿಲ್ ನ್ಯಾಯಾಲಯದ ಅಧಿಕಾರ ಇದೆ. ಅವರಿಗೆ ದೂರು ಕೊಡಲು ವಕೀಲರು ಬೇಕಿಲ್ಲ. ಕೋರ್ಟಿಗೇ ಹೋಗಬೇಕಾಗಿ ಬಂದರೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಕೊಡಬೇಕು ಎಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಹೇಳುತ್ತದೆ. ಜಿಲ್ಲಾ ಕೋರ್ಟಿನ ಆವರಣದಲ್ಲೇ ಆ ಕಚೇರಿ ಇರುತ್ತದೆ.

ಶೇಕಡಾ ಕಡಿಮೆ ಹಾಕಿದರು ಎಂದು ಮನಸ್ಸಿಗೆ ಬಂದರೆ, ಅಥವಾ ಪ್ರಮಾಣಪತ್ರವನ್ನೇ ನಿರಾಕರಿಸಿದರೆ, ಕಾರಣವನ್ನು ಬರೆದುಕೊಡುವಂತೆ ಕೇಳಿ, ಅದು ಅವರ ಕರ್ತವ್ಯ. 59ನೇ ಕಲಂ ಕೆಳಗೆ ಮೇಲ್ಮನವಿ ಇದೆ.

ಕಾಯುವುದು ಮನಸ್ಸನ್ನು ತಿನ್ನುತ್ತದೆ. ಮನೆಯಲ್ಲಿ ನೋಡಿಕೊಳ್ಳುವವರು, ಹೆಚ್ಚಿನ ಸಲ ತಾಯಿ ಅಥವಾ ಹೆಂಡತಿ, ಪ್ರತಿ ಸಲ ಬರಿಗೈಯಲ್ಲಿ ಮರಳಿದಾಗ ತಾನೇ ಎಲ್ಲೋ ತಪ್ಪಿದೆ ಎಂದುಕೊಳ್ಳುತ್ತಾಳೆ. ಮುಂದಿನ ಸಲ ಬೇರೆ ಯಾರಾದರೂ ಹೋಗಲಿ, ತಮ್ಮನೋ ನಾದಿನಿಯೋ. ಅದು ಸಣ್ಣ ಮಾತಲ್ಲ. ನಿದ್ದೆಗೆಟ್ಟು ಯಾರ ಹತ್ತಿರವೂ ಹೇಳಿಕೊಳ್ಳಲಾಗದ ಸ್ಥಿತಿ ಬಂದರೆ 14416ಕ್ಕೆ ಕರೆ ಮಾಡಿ, ಅದು ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ನಕಲಿಗಳ ಭಯ

ಇಷ್ಟೊಂದು ತಪಾಸಣೆ ಏಕೆ ಎಂದರೆ ಅಧಿಕಾರಿಗಳು ಕೊಡುವ ಉತ್ತರ, ನಕಲಿ ಪ್ರಮಾಣಪತ್ರ. ಸುಳ್ಳಲ್ಲ. 2024ರಲ್ಲಿ ಮಹಾರಾಷ್ಟ್ರದ ಐಎಎಸ್ ಪ್ರೊಬೇಷನರ್ ಒಬ್ಬರ ಮೇಲೆ ಬಂದ ಆರೋಪ ದೇಶವೆಲ್ಲ ಸುದ್ದಿಯಾಯಿತು. ಆಂಧ್ರದಲ್ಲಿ 2025ರಲ್ಲಿ ಅಂಗವಿಕಲ ಪಿಂಚಣಿದಾರರ ದೊಡ್ಡ ಮರುಪರಿಶೀಲನೆ ನಡೆದು ಬಹಳ ಮಂದಿಗೆ ನೋಟಿಸ್ ಹೋಯಿತು, ಅವರಲ್ಲಿ ನಿಜವಾದ ಅಂಗವಿಕಲರೂ ಸಿಕ್ಕಿಕೊಂಡರು ಎಂಬ ಕೂಗೂ ಎದ್ದಿತು. ಸರ್ಕಾರಿ ನೌಕರಿಗಾಗಿ, ವೈದ್ಯಕೀಯ ಸೀಟಿಗಾಗಿ ನಕಲಿ ಮಾಡುವವರ ಲಾಭ ಲಕ್ಷಗಟ್ಟಲೆ. ಅವರನ್ನು ಹಿಡಿಯಲು ಹೆಣೆದ ಬಲೆಯಲ್ಲಿ 800 ರೂಪಾಯಿಗೆ ಬಂದವರೆಲ್ಲ ಬೀಳಬೇಕೇ? ಪರಿಶೀಲನೆ ಬೇಕು. ಹಣ ಕೊಡುತ್ತ ಪರಿಶೀಲಿಸಬಹುದು, ಮೋಸ ಕಂಡರೆ ನಿಲ್ಲಿಸಿ ವಸೂಲು ಮಾಡಬಹುದು.

ಸರ್ಕಾರ ಮಾಡಬಹುದಾದದ್ದು ಹೊಸ ಕಾಯ್ದೆಯನ್ನು ಬೇಡುವಂಥದಲ್ಲ. ಶೇ. 40 ದಾಟಿ ಪ್ರಮಾಣಪತ್ರ ಬಂದವರಿಗೆ, ಆಸ್ಪತ್ರೆಗೆ ಅರ್ಜಿ ಹಾಕಿದ ದಿನದಿಂದಲೇ ಮಾಸಾಶನ ಲೆಕ್ಕಹಾಕಲಿ. ಆಗ ಆರೋಗ್ಯ ಇಲಾಖೆಯ ತಡ ಹಣಕಾಸು ಇಲಾಖೆಯ ಪುಸ್ತಕದಲ್ಲಿ ಬಾಕಿಯಾಗಿ ಕಾಣುತ್ತದೆ, ಖಾಲಿ ಇರುವ ಮನಶ್ಶಾಸ್ತ್ರಜ್ಞರ ಹುದ್ದೆ ತುಂಬಲು ಅದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ಮೂರು ಇಲಾಖೆಗೂ ಒಂದೇ ಅರ್ಜಿ ಸಂಖ್ಯೆ ನಡೆಯಲಿ, ಪ್ರಮಾಣಪತ್ರ ಸಿದ್ಧವಾದ ಕ್ಷಣ ಅದು ತಾನಾಗಿ ನಾಡಕಚೇರಿಗೆ ತಲುಪಲಿ. ಕಂದಾಯ ಇಲಾಖೆ ಆಧಾರ್‌ನಲ್ಲಿನ ವಯಸ್ಸು ನೋಡಿ ವೃದ್ಧರಿಗೆ ತಾನೇ ಹುಡುಕಿಕೊಂಡು ಹೋಗಿ ಪಿಂಚಣಿ ಕೊಡಬಲ್ಲದಾದರೆ, ಯುಡಿಐಡಿ ಪಟ್ಟಿ ನೋಡಿ ಅಂಗವಿಕಲರ ಮನೆಗೆ ಹೋಗಲಾರದೇ? ಪ್ರತಿ ಜಿಲ್ಲೆಯೂ ತಿಂಗಳಿಗೊಮ್ಮೆ ಒಂದು ಅಂಕಿ ಪ್ರಕಟಿಸಲಿ: ಮೊದಲ ಅರ್ಜಿಯಿಂದ ಮೊದಲ ಹಣದವರೆಗೆ ಸರಾಸರಿ ಎಷ್ಟು ದಿನ.

ಹಣ ಬರಲು ಶುರುವಾದ ಮೇಲೂ ಒಂದು ಎಚ್ಚರ ಬೇಕು. ಮಕ್ಕಳಿಗೆ, ಮಾನಸಿಕ ಕಾಯಿಲೆಯವರಿಗೆ ಅನೇಕ ಸಲ ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ, ಅದರ ಅವಧಿ ಮುಗಿದರೆ ಮಾಸಾಶನಕ್ಕೂ ತಡೆ ಬೀಳಬಹುದು. ವೈಕಲ್ಯದ ಮಟ್ಟ ಮುಂದೆ ಬದಲಾಗುವ ಸಾಧ್ಯತೆ ಇಲ್ಲದಿದ್ದರೆ ಶಾಶ್ವತ ಪ್ರಮಾಣಪತ್ರವನ್ನೇ ಕೊಡಬೇಕು ಎಂದು ನಿಯಮ ಹೇಳುತ್ತದೆ, ತಪಾಸಣೆಯ ದಿನವೇ ಅದನ್ನು ಕೇಳಿ. ತಾತ್ಕಾಲಿಕ ಎಂದೇ ಬರೆದಿದ್ದರೆ ಅವಧಿ ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟು, ಅದಕ್ಕೆ ನಾಲ್ಕು ತಿಂಗಳು ಮೊದಲೇ ನವೀಕರಣದ ಅರ್ಜಿ ಹಾಕಿಬಿಡಿ. ಆಸ್ಪತ್ರೆಗೆ ನಿಯಮ ಕೊಟ್ಟಿರುವ ಮೂರು ತಿಂಗಳು ಅದರಲ್ಲಿ ಕಳೆದರೂ, ಕೈಯಲ್ಲಿ ಒಂದು ತಿಂಗಳು ಉಳಿದಿರುತ್ತದೆ.